ನೀಟ್ ಅಂದ್ರೆ ಎಂತದು?

ಎರಡು ವರ್ಷದ ಹಿಂದೆ ನಮ್ಮ ವಿಭಾಗದಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ಇಂಥ ದಿನಗಳಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಪಾಲಿಗೆ ಬರುವ ಕೆಲಸ ಎಲ್ಲರಿಗೂ ಗೊತ್ತಿರುವಂಥದ್ದೇ: ಬ್ಯಾನರ್, ಊಟದ ಕೂಪನ್, ಅತಿಥಿಗಳ ಕಾರು, ಹೂಗುಚ್ಛ. ನನ್ನದು ಹೂಗುಚ್ಛ. ವೇದಿಕೆಯ ಮೇಲೆ ಹೂ ಕೊಡಲು ಎಂ.ಎ. ಓದುವ ನಾಲ್ವರು ಹುಡುಗಿಯರನ್ನು ಆರಿಸಿದ್ದೆ. ಅವರಲ್ಲೊಬ್ಬಳು ಯಲ್ಲಾಪುರ ತಾಲ್ಲೂಕಿನ ಹಳ್ಳಿಯೊಂದರ ಸಿದ್ದಿ ಹುಡುಗಿ. ಹಿಂದಿನ ಸಂಜೆ ನಾಲ್ವರಿಗೂ ಸೀರೆಯ ಬಣ್ಣ, ಬರಬೇಕಾದ ಹೊತ್ತು ಹೇಳಿದ ಮೇಲೆ ಅವಳೊಬ್ಬಳ ಕಡೆ ತಿರುಗಿ, “ನೀನು ನಾಳೆ ಕೂದಲು ಸ್ವಲ್ಪ ನೀಟಾಗಿ ಮಾಡ್ಕೊಂಡು ಬಾ” ಅಂದೆ.

ಅವಳಿಗೆ ಸಿಟ್ಟು ಬರಲಿಲ್ಲ. ನಿಜವಾಗಿಯೂ ಅರ್ಥವಾಗದವಳಂತೆ ಕೇಳಿದಳು: “ನೀಟ್ ಅಂದ್ರೆ ಎಂತದು ಅಕ್ಕಾ?”

“ಅಂದ್ರೆ... ಕಟ್ಕೊಂಡು.”

“ಕಟ್ಟಿದ್ದೇ ಅಲ್ದಾ ಇದು?”

ಹೌದು, ಕಟ್ಟಿದ್ದೇ ಇತ್ತು. ನೆತ್ತಿಯ ಹಿಂದೆ ರಬ್ಬರ್ ಬ್ಯಾಂಡ್ ಬಿಗಿದಿದ್ದಳು. ಅದರಾಚೆ ಕೂದಲು ದುಂಡಗೆ ಅರಳಿ ನಿಂತಿತ್ತು. ನಾನು ಏನೋ ಒಂದು ಹೇಳಿ ಮಾತು ಮುಗಿಸಿದೆ. ಮರುದಿನ ಅವಳು ತಲೆತುಂಬ ಎಣ್ಣೆ ಹಚ್ಚಿ, ಹತ್ತಿಪ್ಪತ್ತು ಕ್ಲಿಪ್ಪು ಸಿಕ್ಕಿಸಿ, ಹಣೆಯ ಚರ್ಮ ಹಿಂದಕ್ಕೆ ಜಗ್ಗುವಷ್ಟು ಬಿಗಿಯಾಗಿ ಕೂದಲು ಕಟ್ಟಿಕೊಂಡು ಬಂದಳು. ಹೂ ಕೊಟ್ಟಳು, ನಕ್ಕಳು. ಸಂಜೆ ಹಾಸ್ಟೆಲ್ಲಿನ ಕಾರಿಡಾರಿನಲ್ಲಿ ಕೂತು ಒಂದೊಂದೇ ಕ್ಲಿಪ್ಪು ತೆಗೆಯುತ್ತಿದ್ದಳು. ಒಂದೊಂದರ ಜೊತೆಗೂ ನಾಲ್ಕೈದು ಎಳೆ ಕಿತ್ತು ಬರುತ್ತಿತ್ತು.

ನಡೆದದ್ದು ಇಷ್ಟೇ. ಯಾರೂ ಯಾರನ್ನೂ ಬೈದಿರಲಿಲ್ಲ. ಆದರೆ ಉಳಿದ ಮೂವರಿಗೆ ನಾನು ಆ ಮಾತು ಹೇಳಿರಲಿಲ್ಲ ಎನ್ನುವುದು ಆಮೇಲೆ ನೆನಪಾಯಿತು. ಅವರಲ್ಲೊಬ್ಬಳು ತಲೆಗೆ ನೀರು ಹಾಕಿಕೊಂಡು ಕೂದಲನ್ನು ಹಾಗೇ ಬೆನ್ನ ಮೇಲೆ ಬಿಟ್ಟಿದ್ದಳು. ನನ್ನ ಕಣ್ಣಿಗೆ ಆ ಬಿಟ್ಟ ಕೂದಲು ಚೆಂದ ಕಂಡಿತ್ತು, ಈ ಕಟ್ಟಿದ ಕೂದಲು ನೀಟಿಲ್ಲದ್ದಾಗಿ ಕಂಡಿತ್ತು. ನನ್ನ ಪಿಎಚ್.ಡಿ.ಯ ವಿಷಯಕ್ಕೂ ಕೂದಲಿಗೂ ಸಂಬಂಧವಿಲ್ಲ. ಆದರೂ ಅವಳ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಓದಿದ್ದು ಸಾಕಷ್ಟಿದೆ. ಈ ಬರಹ ಆ ಹುಡುಕಾಟದ್ದು.

ಮೊದಲು ಕೂದಲಿನ ಮಾತನ್ನೇ ಆಡೋಣ. ಕನ್ನಡದಲ್ಲಿ ‘ಗುಂಗುರು ಕೂದಲು’ ಎಂಬ ಒಂದೇ ಮಾತಿನಲ್ಲಿ ಅಲೆಯಂತೆ ಬಳುಕುವ ಕೂದಲಿನಿಂದ ಹಿಡಿದು ಸ್ಪ್ರಿಂಗಿನಂತೆ ಸುತ್ತಿಕೊಂಡ ಕೂದಲಿನವರೆಗೆ ಎಲ್ಲವೂ ಸೇರಿಹೋಗುತ್ತದೆ. ಅಮೆರಿಕದ ಕೇಶವಿನ್ಯಾಸಕಾರ ಆಂಡ್ರೆ ವಾಕರ್ 1990ರ ದಶಕದಲ್ಲಿ ಕೂದಲನ್ನು ನೇರ, ಅಲೆ, ಸುರುಳಿ, ಬಿಗಿ ಸುರುಳಿ ಎಂದು 4 ಬಗೆಯಾಗಿ ವಿಂಗಡಿಸಿದ. ಚರ್ಮದೊಳಗೆ ಕೂದಲು ಹುಟ್ಟುವ ಗುಳಿ ಬಾಗಿದ್ದರೆ ಕೂದಲೂ ಸುತ್ತಿಕೊಂಡೇ ಬೆಳೆಯುತ್ತದೆ. ನೆತ್ತಿಯಲ್ಲಿ ಊರುವ ಎಣ್ಣೆಯಂಶ ನೇರ ಕೂದಲಿನಲ್ಲಿ ತುದಿಯವರೆಗೆ ಇಳಿಯುತ್ತದೆ. ಬಿಗಿ ಸುರುಳಿಯ ತಿರುವುಗಳನ್ನು ದಾಟಿ ಇಳಿಯುವುದು ಅದಕ್ಕೆ ಕಷ್ಟ. ಅದಕ್ಕೇ ಅಂಥ ಕೂದಲು ಬೇಗ ಒಣಗುತ್ತದೆ, ತಿರುವಿದ್ದಲ್ಲೇ ತುಂಡಾಗುತ್ತದೆ. ಅದನ್ನು ಒದ್ದೆ ಇರುವಾಗ, ಕಂಡೀಷನರ್ ಹಚ್ಚಿ, ಬೆರಳಿನಿಂದಲೋ ಅಗಲ ಹಲ್ಲಿನ ಬಾಚಣಿಗೆಯಿಂದಲೋ ತುದಿಯಿಂದ ಶುರುಮಾಡಿ ಬುಡದ ಕಡೆಗೆ ಸಿಕ್ಕು ಬಿಡಿಸುತ್ತ ಹೋಗಬೇಕು. ನನ್ನಜ್ಜಿ ನನಗೆ ಬಾಚುತ್ತಿದ್ದದ್ದು ಇದಕ್ಕೆ ತಿರುಗಾಮುರುಗಾ: ನೆತ್ತಿಯಿಂದ ಕೆಳಕ್ಕೆ ಒಂದೇ ಎಳೆತ. ಅಜ್ಜಿಯ ಬಾಚಣಿಗೆಯೇ ಜಗತ್ತಿನ ಬಾಚಣಿಗೆ ಎಂದು ನಾನು ತಿಳಿದಿದ್ದೆ.

ಈ ಕೂದಲಿಗೆ ಎಷ್ಟು ದಾರಿಗಳಿವೆ ಎಂದು ಆಫ್ರಿಕಾದ ಹೆಂಗಸರು, ಅಲ್ಲಿಂದ ಗುಲಾಮರಾಗಿ ಸಾಗಿಸಲ್ಪಟ್ಟವರ ಮೊಮ್ಮಕ್ಕಳು ಕಂಡುಕೊಂಡಿದ್ದಾರೆ. ನೆತ್ತಿಗೆ ಅಂಟಿದಂತೆ, ಉತ್ತ ಹೊಲದ ಸಾಲುಗಳ ಹಾಗೆ ಹೆಣೆಯುವುದು ಕಾರ್ನ್‌ರೋ. ತಲೆಯನ್ನು ಚೌಕ ಚೌಕವಾಗಿ ಬೈತಲೆ ತೆಗೆದು ಒಂದೊಂದು ಚೌಕಕ್ಕೂ ಒಂದು ತೆಳು ಜಡೆ ಹಾಕಿದರೆ ಬಾಕ್ಸ್ ಬ್ರೇಡ್. ಎರಡೇ ಎಳೆ ಹಿಡಿದು ಹಗ್ಗದಂತೆ ಹೊಸೆದರೆ ಟ್ವಿಸ್ಟ್. ರಾತ್ರಿ ಹೊಸೆದದ್ದನ್ನು ಬೆಳಿಗ್ಗೆ ಬಿಚ್ಚಿ ಅದರ ಅಲೆಯನ್ನೇ ಹಾಗೆ ಬಿಟ್ಟುಕೊಳ್ಳುವುದು ಟ್ವಿಸ್ಟ್‌ಔಟ್. ಸಣ್ಣ ಸಣ್ಣ ತುರುಬುಗಳಾಗಿ ಸುತ್ತಿದರೆ ಬಂಟು ನಾಟ್. ಹೊಸೆದದ್ದನ್ನು ಬಿಚ್ಚದೆ ವರ್ಷಗಟ್ಟಲೆ ಬೆಸೆಯಲು ಬಿಟ್ಟರೆ ಲಾಕ್ಸ್. ಏನೂ ಕಟ್ಟದೆ ಸುತ್ತಲೂ ಅರಳಲು ಬಿಟ್ಟರೆ ಆಫ್ರೊ. ಇವುಗಳಲ್ಲಿ ಹಲವು ಬರೀ ಚೆಂದಕ್ಕಾಗಿ ಇರುವಂಥವಲ್ಲ. ಹೆಣೆದ ಕೂದಲಿಗೆ ದಿನವೂ ಬಾಚಣಿಗೆ ತಾಕುವುದಿಲ್ಲ, ಹಾಗಾಗಿ ತುಂಡಾಗುವುದು ಕಡಿಮೆ. ಮಲಗುವಾಗ ಸ್ಯಾಟಿನ್ ಟೊಪ್ಪಿಗೆ ಹಾಕಿಕೊಂಡರೆ ಹತ್ತಿಯ ದಿಂಬು ಕೂದಲಿನ ತೇವ ಹೀರುವುದಿಲ್ಲ. ಅತಿ ಬಿಗಿಯಾಗಿ ಹೆಣೆದರೆ ಬುಡವೇ ಸೋತು ಕೂದಲು ಉದುರುತ್ತದೆ ಎಂಬ ಎಚ್ಚರವೂ ಅವರಿಗಿದೆ. ಇದೊಂದು ಇಡೀ ತಿಳಿವಳಿಕೆ, ತಾಯಿಯ ತೊಡೆಯ ಮುಂದೆ ಗಂಟೆಗಟ್ಟಲೆ ಕೂತು ಕಲಿಯುವಂಥದ್ದು. ಚಿಮಮಾಂಡ ಅಡಿಚಿಯ ‘ಅಮೆರಿಕಾನಾ’ ಕಾದಂಬರಿ ಶುರುವಾಗುವುದೇ ನಾಯಕಿ ಕೂದಲು ಹೆಣೆಸಿಕೊಳ್ಳಲು ಪ್ರಿನ್ಸ್‌ಟನ್ನಿನಿಂದ ರೈಲು ಹತ್ತಿ ಟ್ರೆಂಟನ್ನಿಗೆ ಹೋಗುವಲ್ಲಿಂದ. ಅವಳಿರುವ ಸಿರಿವಂತ ಊರಿನಲ್ಲಿ ಅವಳ ಕೂದಲಿಗೆ ಒಂದು ಅಂಗಡಿಯಿಲ್ಲ.

ದಾರಿಗಳು ಇಷ್ಟೊಂದಿರುವಾಗ ತೊಂದರೆ ಏನು? ‘ಆಯ್ಕೆ’ ಎನ್ನುವಾಗ ನಾವು ದಾರಿಗಳನ್ನಷ್ಟೇ ಎಣಿಸುತ್ತೇವೆ. ಪ್ರತಿ ದಾರಿಯ ಬಾಯಲ್ಲಿ ಕಟ್ಟಬೇಕಾದ ಸುಂಕ ಎಷ್ಟು ಎಂದು ನೋಡುವುದಿಲ್ಲ. ಕೂದಲಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಸುಂಕದ ಚರಿತ್ರೆ.

1786ರಲ್ಲಿ, ಸ್ಪೇನಿನ ಆಳ್ವಿಕೆಯಲ್ಲಿದ್ದ ಲೂಸಿಯಾನಾದ ಗವರ್ನರ್ ಎಸ್ತೆಬಾನ್ ಮೀರೊ ಒಂದು ಆಜ್ಞೆ ಹೊರಡಿಸಿದ. ಕಪ್ಪು ಮತ್ತು ಮಿಶ್ರವರ್ಣದ ಹೆಂಗಸರು ಕೂದಲಿಗೆ ಗರಿ, ಒಡವೆ ಮುಡಿಯಬಾರದು, ತಲೆಗೆ ವಸ್ತ್ರ ಕಟ್ಟಿಕೊಳ್ಳಬೇಕು ಎಂದು. ಅವರು ಕಟ್ಟಿಕೊಂಡರು. ಆದರೆ ಎಂಥ ಬಣ್ಣದ ವಸ್ತ್ರಗಳನ್ನು, ಎಷ್ಟು ಬೆಡಗಿನಿಂದ ಕಟ್ಟಿದರೆಂದರೆ ತಗ್ಗಿಸಲು ಹೊರಡಿಸಿದ ಆಜ್ಞೆಯೇ ಒಂದು ಶೋಭೆಯಾಯಿತು. ವರ್ಣಭೇದದ ಕಾಲದ ದಕ್ಷಿಣ ಆಫ್ರಿಕಾದಲ್ಲಿ, 1950ರ ಜನಸಂಖ್ಯಾ ನೋಂದಣಿ ಕಾಯ್ದೆಯ ಕೆಳಗೆ ಯಾರು ಯಾವ ಜನಾಂಗ ಎಂದು ಗುರುತಿಸುವಾಗ ಕೂದಲಿನೊಳಗೆ ಪೆನ್ಸಿಲ್ ತೂರಿಸಿ ನೋಡುತ್ತಿದ್ದರು. ಪೆನ್ಸಿಲ್ ಜಾರಿ ಬಿದ್ದರೆ ಒಂದು ಬದುಕು, ಸಿಕ್ಕಿಕೊಂಡರೆ ಇನ್ನೊಂದು. ಎಲ್ಲಿ ವಾಸಿಸಬೇಕು, ಯಾರನ್ನು ಮದುವೆಯಾಗಬಹುದು ಎಂಬುದೆಲ್ಲ ಆ ವಿಂಗಡಣೆಗೆ ತಗುಲಿಕೊಂಡಿತ್ತು.

ಇಂಥ ಲೋಕದಲ್ಲಿ ಕೂದಲನ್ನು ನೇರ ಮಾಡಿಕೊಳ್ಳುವುದು ಸಸ್ತಾ ದಾರಿಯಾಗಿ ಕಂಡರೆ ಆಶ್ಚರ್ಯವಿಲ್ಲ. ಬಿಸಿ ಬಾಚಣಿಗೆ ತಾತ್ಕಾಲಿಕ, ನೀರು ತಾಕಿದರೆ ಸುರುಳಿ ಮರಳಿ ಬರುತ್ತದೆ. ಕಾಸ್ಟಿಕ್ ಸೋಡಾ ಬೆರೆತ ಲೇಪ ಹಾಗಲ್ಲ, ಕೂದಲಿನೊಳಗಿನ ಗಂಧಕದ ಬಂಧಗಳನ್ನೇ ಮುರಿಯುತ್ತದೆ. ಮಾಲ್ಕಮ್ ಎಕ್ಸ್ ತನ್ನ ಆತ್ಮಕಥೆಯಲ್ಲಿ ಹದಿಹರೆಯದ ತಾನು ಕಾಸ್ಟಿಕ್ ಸೋಡಾ, ಆಲೂಗಡ್ಡೆ, ಮೊಟ್ಟೆ ಕಲಸಿದ ಲೇಪವನ್ನು ತಲೆಗೆ ಹಚ್ಚಿಸಿಕೊಂಡು ಉರಿ ತಾಳಲಾರದೆ ಒದ್ದಾಡಿದ್ದನ್ನು, ಆಮೇಲೆ ಕನ್ನಡಿ ನೋಡಿ ಹಿಗ್ಗಿದ್ದನ್ನು ಬರೆದಿದ್ದಾನೆ. ನನ್ನನ್ನು ತಡೆದದ್ದು ಆ ಉರಿಗಿಂತ ಆ ಹಿಗ್ಗು.

ಈಗ ಒಂದು ತೀರ್ಪು. ಅಮೆರಿಕನ್ ಏರ್‌ಲೈನ್ಸ್ ವಿಮಾನ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ರೆನೀ ರಾಜರ್ಸ್ ಎಂಬ ಕಪ್ಪು ಮಹಿಳೆ ಕಾರ್ನ್‌ರೋ ಹೆಣೆದುಕೊಂಡು ಬಂದಳು. ತಲೆತುಂಬ ಹೆಣೆದ ಜಡೆ ಸಂಸ್ಥೆಯ ನಿಯಮಕ್ಕೆ ವಿರುದ್ಧವಾಗಿತ್ತು. ಅವಳು ನ್ಯಾಯಾಲಯಕ್ಕೆ ಹೋದಳು. 1981ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಜನಾಂಗ ತಾರತಮ್ಯದ ಅವಳ ವಾದವನ್ನು ಒಪ್ಪಲಿಲ್ಲ. ನಿಯಮ ಎಲ್ಲ ಜನಾಂಗದವರಿಗೂ ಒಂದೇ ಎಂದಿತು. ಆಫ್ರೊ ಸಹಜವಾಗಿ ಬೆಳೆಯುವಂಥದ್ದು, ಅದನ್ನು ತಡೆದಿದ್ದರೆ ಬೇರೆ ಮಾತಾಗಬಹುದಿತ್ತು. ಜಡೆಯಾದರೋ ಕೃತಕ, ಬೇಕೆಂದಾಗ ಬಿಚ್ಚಬಹುದು ಎಂದಿತು. 1979ರಲ್ಲಿ ತೆರೆಕಂಡ ಸಿನಿಮಾವೊಂದರಲ್ಲಿ ಬಿಳಿಯ ನಟಿಯೊಬ್ಬಳು ಈ ಜಡೆಯನ್ನು ಜನಪ್ರಿಯಗೊಳಿಸಿದ ಮೇಲೆಯೇ ಇವಳು ಹಾಕಿಕೊಂಡದ್ದು ಎಂಬ ಸಂಸ್ಥೆಯ ಮಾತೂ ತೀರ್ಪಿನಲ್ಲಿ ದಾಖಲಾಯಿತು. ಕೆಲಸದ ಹೊತ್ತಿನಲ್ಲಿ ಜಡೆಗಳನ್ನು ತುರುಬು ಕಟ್ಟಿ ಮೇಲೆ ಚೌರಿ ಸುತ್ತಿಕೊಳ್ಳಬಹುದು ಎಂದು ಸಂಸ್ಥೆ ಹೇಳಿತ್ತು. ಅದರಿಂದ ವಿಪರೀತ ತಲೆನೋವು ಬರುತ್ತದೆ ಎಂದು ಅವಳು ಹೇಳಿಕೊಂಡರೆ, ದೊಡ್ಡ ಅಳತೆಯ ಚೌರಿ ಹಾಕಿಕೊಳ್ಳಬಹುದಲ್ಲ ಎಂಬುದು ನ್ಯಾಯಾಲಯದ ಉತ್ತರ.

ಇದನ್ನು ಓದುವಾಗ ಕಾರಿಡಾರಿನಲ್ಲಿ ಕ್ಲಿಪ್ಪು ತೆಗೆಯುತ್ತಿದ್ದವಳ ಹಣೆ ಕಣ್ಣ ಮುಂದೆ ಬಂತು.

ತೀರ್ಪಿನ ತರ್ಕವನ್ನು ನಿಧಾನವಾಗಿ ನೋಡಿ. ಸಹಜವಾದದ್ದು ನಿನ್ನದು, ಅದಕ್ಕೆ ರಕ್ಷಣೆ ಸಿಗಬಹುದು. ಕೈಯಿಂದ ಮಾಡಿದ್ದು ನಿನ್ನ ಆಯ್ಕೆ, ಅದನ್ನು ಬಿಡು. ಆದರೆ ಮನುಷ್ಯರ ತಲೆಯ ಮೇಲೆ ಬರೀ ಸಹಜವಾದದ್ದು ಯಾವುದಿದೆ? ಬೈತಲೆ ತೆಗೆಯುವುದು ಸಹಜವೆ? ಎಣ್ಣೆ ಹಚ್ಚಿ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿ ನಮ್ಮನ್ನು ಶಾಲೆಗೆ ಕಳಿಸುತ್ತಿದ್ದದ್ದು ಸಹಜವೆ? ನ್ಯಾಯಾಲಯ ಮರೆತದ್ದು ಒಂದಿದೆ. ಬಿಗಿ ಸುರುಳಿಯ ಕೂದಲಿಗೆ ಜಡೆ ಹೆಣೆಯುವುದು ಆ ಕೂದಲಿನ ಗುಣಕ್ಕೆ ಕೈ ಕೊಡುವ ಉತ್ತರ. ಗುಣ ಹುಟ್ಟಿನಿಂದ ಬಂದದ್ದು, ಉತ್ತರ ಕಲಿತದ್ದು. ಕಲಿತದ್ದನ್ನು ಕೃತಕವೆಂದು ಕಿತ್ತುಕೊಂಡರೆ ಹುಟ್ಟಿನಿಂದ ಬಂದದ್ದನ್ನು ನೋಡಿಕೊಳ್ಳುವ ದಾರಿಯೇ ಹೋಗುತ್ತದೆ.

‘ನಿಯಮ ಎಲ್ಲರಿಗೂ ಒಂದೇ’ ಎನ್ನುವ ಮಾತು ಇನ್ನೂ ಗಟ್ಟಿಯಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಡುಗೆಮನೆಯಲ್ಲಿ, ಯಂತ್ರದ ಪಕ್ಕದಲ್ಲಿ, ಆಪರೇಷನ್ ಥಿಯೇಟರಿನಲ್ಲಿ ಕೂದಲು ಕಟ್ಟಲೇಬೇಕು. ಅಲ್ಲಿ ಕಾರಣ ಇದೆ, ಕೇಳಿದವರಿಗೆ ಹೇಳಬಹುದು. ನನಗೆ ತೋಚುವ ಪರೀಕ್ಷೆ ಇದು: ನಿಯಮದ ಕಾರಣವನ್ನು, ಯಾರ ಕೂದಲು ಎಂದು ನೋಡದೆ ಹೇಳಲು ಸಾಧ್ಯವೆ? ಹೂಗುಚ್ಛ ಕೊಡಲು ಕೂದಲು ತಲೆಗೆ ಅಂಟಿಕೊಂಡಿರಬೇಕು ಎನ್ನಲು ನನ್ನಲ್ಲಿ ಯಾವ ಕಾರಣವಿತ್ತು? “ಅಂದ್ರೆ...” ಎಂದು ನಾನು ತಡವರಿಸಿದ್ದೇ ಉತ್ತರ. ನನಗೆ ಚೆಂದವೆನಿಸಿದ್ದನ್ನು ಚೆಂದ ಎನ್ನುವ ಹಕ್ಕು ನನಗಿದೆ. ಆದರೆ ಆ ಸಂಜೆ ಯಾರು ವೇದಿಕೆ ಹತ್ತಬೇಕು ಎನ್ನುವುದು ನನ್ನ ಕೈಯಲ್ಲಿತ್ತು. ನನ್ನ ಅಭಿರುಚಿ ಅವಳ ಕಿವಿಗೆ ಅಪ್ಪಣೆಯಾಗಿಯೇ ಬಿತ್ತು. ‘ನೀಟ್’ ಎನ್ನುವುದು ಕೂದಲನ್ನು ಅಳೆಯುವ ಮಾತಿನಂತೆ ಕೇಳಿಸುತ್ತದೆ. ಅದು ಅಳೆದದ್ದು ನನ್ನ ತಲೆಯಿಂದ ಅವಳ ತಲೆಗಿರುವ ದೂರವನ್ನು. 2016ರಲ್ಲಿ ಪ್ರಿಟೋರಿಯಾದ ಬಾಲಕಿಯರ ಶಾಲೆಯೊಂದರಲ್ಲಿ ಕಪ್ಪು ವಿದ್ಯಾರ್ಥಿನಿಯರು ಪ್ರತಿಭಟಿಸಿದ್ದೂ ತಮ್ಮ ಕೂದಲು ಅಸ್ತವ್ಯಸ್ತ ಎನ್ನಿಸಿಕೊಂಡದ್ದರ ವಿರುದ್ಧವೇ. ಪೆನ್ಸಿಲ್ ಹೋಗಿತ್ತು, ಮಾತು ಉಳಿದಿತ್ತು.

ಇದೆಲ್ಲ ದೂರದ ಕತೆ ಎಂದುಕೊಳ್ಳಲು ನನಗೆ ಆಗದಿರುವುದಕ್ಕೆ ಇನ್ನೊಂದು ಕಾರಣ ನಮ್ಮ ಮನೆಯಲ್ಲೇ ಇದೆ. ನಾನು ಏಳನೇ ತರಗತಿಯಲ್ಲಿದ್ದಾಗ ಅಪ್ಪನ ಆಪರೇಷನ್ ಸುಸೂತ್ರವಾಯಿತೆಂದು ಅಮ್ಮ ತಿರುಪತಿಗೆ ಹೋಗಿ ಮುಡಿ ಕೊಟ್ಟಳು. ಸೊಂಟದವರೆಗಿದ್ದ ಕೂದಲು. ಬೋಳಾದ ತಲೆಗೆ ಗಂಧ ಹಚ್ಚಿಕೊಂಡು ಹೊರಗೆ ಬಂದ ಅಮ್ಮನ ಮುಖ ಹಗುರವಾಗಿತ್ತು. ಅಲ್ಲಿ ಸಂಗ್ರಹವಾಗುವ ಕೂದಲನ್ನು ದೇವಸ್ಥಾನ ಹರಾಜು ಹಾಕುತ್ತದೆ. ಅದು ವಿಗ್ಗಾಗಿ, ಕೂದಲಿಗೆ ಸೇರಿಸಿ ಹೊಲಿಯುವ ಎಳೆಯಾಗಿ ದೇಶಾಂತರ ಹೋಗುತ್ತದೆ. ಕಪ್ಪು ಅಮೆರಿಕನ್ನರ ಕೂದಲಿನ ಬಗ್ಗೆ ಕ್ರಿಸ್ ರಾಕ್ ಮಾಡಿದ ‘ಗುಡ್ ಹೇರ್’ ಎಂಬ 2009ರ ಸಾಕ್ಷ್ಯಚಿತ್ರ ಈ ಜಾಡು ಹಿಡಿದು ಭಾರತದವರೆಗೆ ಬರುತ್ತದೆ. ತನ್ನ ಪುಟ್ಟ ಮಗಳು ನನಗೇಕೆ ಒಳ್ಳೆಯ ಕೂದಲಿಲ್ಲ ಎಂದು ಕೇಳಿದ್ದೇ ಆ ಚಿತ್ರಕ್ಕೆ ಪ್ರೇರಣೆ ಎಂದು ಅವನು ಹೇಳಿಕೊಂಡಿದ್ದಾನೆ. ಅಮ್ಮ ಅಹಂಕಾರ ಕಳೆಯಲಿ ಎಂದು ಕೊಟ್ಟ ಕೂದಲು ಇನ್ನೆಲ್ಲೋ ಒಬ್ಬಳಿಗೆ ಕೆಲಸದ ಸಂದರ್ಶನದಲ್ಲಿ ತಲೆಯೆತ್ತಿ ಕೂರಲು ಕೊಳ್ಳಬೇಕಾದ ವಸ್ತುವಾಗಿರಬಹುದು. ಅಮ್ಮನದೂ ತಪ್ಪಿಲ್ಲ, ಕೊಂಡವಳದೂ ತಪ್ಪಿಲ್ಲ. ಆದರೆ ಆ ‘ಒಳ್ಳೆಯ ಕೂದಲು’ ನಮ್ಮ ಮನೆಯದು. ಯಾವ ಪ್ರಯತ್ನವೂ ಇಲ್ಲದೆ ಅಳತೆಗೋಲಿನ ಸರಿಯಾದ ತುದಿಯಲ್ಲಿ ನಾವು ಕೂತಿದ್ದೇವೆ.

ಇಷ್ಟು ಓದಿಕೊಂಡ ಮೇಲೆ ನಾನು ಬದಲಾಗಿದ್ದೇನೆ ಅಂದುಕೊಂಡಿದ್ದೆ. ಕಳೆದ ವರ್ಷ ಒಂದು ದಿನ ಆ ಹುಡುಗಿ ಮಾರ್ಕ್ಸ್ ಕಾರ್ಡ್ ತೆಗೆದುಕೊಳ್ಳಲು ವಿಶ್ವವಿದ್ಯಾಲಯಕ್ಕೆ ಬಂದಿದ್ದಳು. ಕ್ಯಾಂಟೀನಿನ ಹತ್ತಿರ ಸಿಕ್ಕಳು. ಕೂದಲು ಹೆಗಲ ಮೇಲೆ ನೇರವಾಗಿ, ನುಣ್ಣಗೆ ಇಳಿಬಿದ್ದಿತ್ತು. ಚಿಕ್ಕಪ್ಪನ ಮಗಳ ಮದುವೆಗೆಂದು ಹುಬ್ಬಳ್ಳಿಯ ಪಾರ್ಲರಿನಲ್ಲಿ ಸ್ಟ್ರೇಟನಿಂಗ್ ಮಾಡಿಸಿದ್ದಳಂತೆ. ನನ್ನ ಮುಖ ಸಣ್ಣಗಾಯಿತು. ಏಂಜೆಲಾ ಡೇವಿಸಳ ಆಫ್ರೊ, 1786ರ ಬಣ್ಣದ ವಸ್ತ್ರಗಳು ಎಲ್ಲ ತಲೆಯಲ್ಲಿಟ್ಟುಕೊಂಡು ಬಂದಿದ್ದ ನನಗೆ ಅವಳು ಕೈಕೊಟ್ಟಂತೆ ಅನಿಸಿತು. ನಾನು ಬಾಯಿ ಬಿಟ್ಟು ಏನೂ ಹೇಳಿರಲಿಲ್ಲ. ಅವಳು ನನ್ನ ಮುಖ ನೋಡಿ ನಕ್ಕಳು: “ಎಂತದು ಅಕ್ಕಾ, ಇದೂ ನೀಟಿಲ್ವಾ?”

ಮೊದಲ ಪ್ರಶ್ನೆಗಿಂತ ಇದು ಹೆಚ್ಚು ನಾಟಿತು. ಹಿಂದೆ ಅವಳ ಕೂದಲು ನನ್ನ ಕೂದಲಿನಂತಿರಲಿ ಎಂದು ಬಯಸಿದ್ದೆ. ಈಗ ನಾನು ಓದಿದ ಪುಸ್ತಕಗಳಂತಿರಲಿ ಎಂದು ಬಯಸುತ್ತಿದ್ದೆ. ಎರಡೂ ಸಲ ಅವಳ ತಲೆ ನನ್ನ ಸಾಕ್ಷಿಕಟ್ಟೆ. ಏಂಜೆಲಾ ಡೇವಿಸ್ ತಾನೇ 1994ರಲ್ಲಿ ಒಂದು ಪ್ರಬಂಧದಲ್ಲಿ, ಜನ ತನ್ನ ರಾಜಕಾರಣವನ್ನು ಮರೆತು ತನ್ನನ್ನು ಒಂದು ಕೇಶವಿನ್ಯಾಸವಾಗಿ ನೆನಪಿಟ್ಟುಕೊಂಡಿದ್ದಾರೆ ಎಂದು ನೋವಿನಿಂದ ಬರೆದಿದ್ದಾಳೆ. ಅದನ್ನು ಓದಿಯೂ ನಾನು ಅದೇ ತಪ್ಪು ಮಾಡಿದ್ದೆ. ನಮ್ಮಲ್ಲೂ ದ್ರೌಪದಿಯ ಬಿಚ್ಚಿದ ಮುಡಿ ಒಂದು ಪ್ರತಿಜ್ಞೆ. ಆದರೆ ಪ್ರತಿಯೊಬ್ಬ ಹೆಣ್ಣೂ ದಿನಬೆಳಗಾದರೆ ಪ್ರತಿಜ್ಞೆ ಹೊತ್ತು ತಿರುಗಬೇಕೆ? ಮದುವೆಮನೆಯಲ್ಲಿ ಒಂದು ದಿನ ಬೇರೆಯಾಗಿ ಕಾಣಬೇಕು ಎನ್ನುವ ಆಸೆ ನನ್ನ ತಂಗಿಗಿದ್ದರೆ ನಾನು ಅದರಲ್ಲಿ ದಾಸ್ಯ ಹುಡುಕುತ್ತಿರಲಿಲ್ಲ.

ಹಾಗೆಂದು ‘ಅವರವರ ಇಷ್ಟ’ ಎಂದು ಕೈತೊಳೆದುಕೊಳ್ಳುವುದೂ ಸುಳ್ಳೇ. ಸುಂಕ ಸಮನಿಲ್ಲ. ಅಮೆರಿಕದಲ್ಲಿ 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಕೂದಲು ನೇರ ಮಾಡುವ ರಾಸಾಯನಿಕಗಳನ್ನು ಬಳಸದವರಲ್ಲಿ 70 ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆಯ ಅಂದಾಜು ಶೇ. 1.64, ಪದೇ ಪದೇ ಬಳಸುವವರಲ್ಲಿ ಶೇ. 4.05. ಇದು ನಂಟು, ಕಾರಣವೇ ಎಂದು ಸಾಬೀತಾದದ್ದಲ್ಲ. ಆದರೂ ಇಂಥ ಅನುಮಾನವಿರುವ ಡಬ್ಬಿಯನ್ನು ಕೆಲಸ ಉಳಿಸಿಕೊಳ್ಳಲು ತೆರೆಯುವುದಕ್ಕೂ ಮದುವೆಗೆಂದು ತೆರೆಯುವುದಕ್ಕೂ ವ್ಯತ್ಯಾಸವಿದೆ. ಹೊರಗೆ ನಿಂತು ನೋಡಿ ಯಾವುದು ಯಾವುದೆಂದು ಹೇಳಲು ನನಗೆ ಆಗುವುದಿಲ್ಲ. ಬಹುಶಃ ಅದನ್ನು ಬಳಸುವವರಿಗೂ ಪೂರ್ತಿ ಹೇಳಲಾಗದು. ಮಾಲ್ಕಮ್ ಎಕ್ಸ್ ಕನ್ನಡಿಯ ಮುಂದೆ ಪಟ್ಟ ಹಿಗ್ಗು ನಿಜವೇ ಆಗಿತ್ತು. ಅದು ಎಲ್ಲಿಂದ ಬಂತೆಂದು ಅವನಿಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ತಾನಾಗಿ.

ಹಾಗಾಗಿ ನಾನು ಬಂದು ನಿಂತಿರುವ ಜಾಗ ಇದು. ಬಿಚ್ಚಬೇಕೋ ಕಟ್ಟಬೇಕೋ, ಹೆಣೆಯಬೇಕೋ ನೇರ ಮಾಡಬೇಕೋ ಎಂಬುದು ನೈತಿಕ ಪ್ರಶ್ನೆಯೇ ಅಲ್ಲ. ನೈತಿಕ ಪ್ರಶ್ನೆ ಇರುವುದು ಸುಂಕದ ಕಟ್ಟೆಯಲ್ಲಿ ಕೂತವರ ಮುಂದೆ. ದಾರಿಹೋಕಳನ್ನು ಯಾಕೆ ಈ ದಾರಿ ಹಿಡಿದೆ ಎಂದು ವಿಚಾರಿಸುವ ಮೊದಲು ಕಟ್ಟೆಯವರು ತಾವು ಯಾಕೆ ವಸೂಲು ಮಾಡುತ್ತಿದ್ದೇವೆ ಎಂದು ಹೇಳಬೇಕು. ಕ್ಯಾಲಿಫೋರ್ನಿಯಾ 2019ರಲ್ಲಿ ‘ಕ್ರೌನ್ ಕಾಯ್ದೆ’ ತಂದು, ಜಡೆ, ಟ್ವಿಸ್ಟ್, ಲಾಕ್ಸ್ ಮೊದಲಾದವುಗಳ ಕಾರಣಕ್ಕೆ ಶಾಲೆ, ಕೆಲಸಗಳಲ್ಲಿ ತಾರತಮ್ಯ ಮಾಡುವಂತಿಲ್ಲ ಎಂದಿತು. ಬೇರೆ ಹಲವು ರಾಜ್ಯಗಳು ಹಿಂಬಾಲಿಸಿದವು. 1981ರಲ್ಲಿ ರೆನೀ ರಾಜರ್ಸ್ ಕೇಳಿದ್ದು ಅಷ್ಟನ್ನೇ. ಆದರೆ ನನ್ನಂಥವರ ಕಟ್ಟೆ ಕಾನೂನಿನ ಕಣ್ಣಿಗೆ ಬೀಳುವಂಥದ್ದಲ್ಲ. ಸಂಕಿರಣದ ಹಿಂದಿನ ಸಂಜೆ ಪ್ರೀತಿಯಿಂದಲೇ ಹೇಳಿದ ಒಂದು ಮಾತಿನ ಮೇಲೆ ಯಾರು ದೂರು ಕೊಡುತ್ತಾರೆ? ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಆ ಪ್ರಮಾಣಪತ್ರ ಹಿಡಿದು ಅವಳು ನಮ್ಮ ವಿಭಾಗದೊಳಗೆ ಬಂದಳು. ಬಂದ ಮೇಲೆ ವೇದಿಕೆ ಹತ್ತಲು ಇನ್ನೊಂದು ಸುಂಕವಿದೆ ಎಂದು ಹೇಳಿದವಳು ನಾನು.

ಇದನ್ನು ಬರೆಯುವ ಮುಂಚೆ ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ತಪ್ಪಾಯ್ತು ಅಂದೆ. ಕ್ಲಿಪ್ಪುಗಳ ಮಾತು ಅವಳಿಗೆ ನೆನಪಿತ್ತು. “ಆವತ್ತು ತಲೆನೋವು ಬಂದಿತ್ತು ಅಕ್ಕಾ” ಎಂದಳು, ಅಷ್ಟೇ. ಬರೆಯಲೇ ಎಂದು ಕೇಳಿದಾಗ, “ಬರೀರಿ. ಹೆಸರು ಮಾತ್ರ ಹಾಕಬೇಡಿ, ಊರಲ್ಲಿ ಎಲ್ಲರಿಗೂ ಗೊತ್ತಾಗ್ತದೆ” ಅಂದಳು. ಈಗ ಕೂದಲು ಹೇಗಿದೆ ಎಂದು ಕೇಳಬೇಕೆಂದು ನಾಲಿಗೆಯ ತುದಿಯವರೆಗೆ ಬಂತು. ಕೇಳಲಿಲ್ಲ.

ಮುಂದಿನ ವಾರ ನಮ್ಮ ವಿಭಾಗದಲ್ಲಿ ಮತ್ತೊಂದು ಕಾರ್ಯಕ್ರಮವಿದೆ. ಹೂ ಕೊಡುವವರ ವಾಟ್ಸಾಪ್ ಗುಂಪಿಗೆ ನಿನ್ನೆ ಸಂದೇಶ ಬರೆಯುತ್ತಿದ್ದೆ: ಬೆಳಿಗ್ಗೆ 9.30, ಸಭಾಂಗಣದ ಹಿಂಬಾಗಿಲು, ಹಸಿರು ಸೀರೆ. ಕೊನೆಯಲ್ಲಿ ಬೆರಳು ರೂಢಿಯಂತೆ ‘ಎಲ್ಲರೂ ನೀಟಾಗಿ ಬನ್ನಿ’ ಎಂದು ಟೈಪ್ ಮಾಡಿತ್ತು. ಅಳಿಸಿ, ‘ತಿಂಡಿ ಅಲ್ಲೇ ಇರುತ್ತದೆ’ ಎಂದು ಬರೆದು ಕಳಿಸಿದೆ.